ಸೆಟ್ಲಮೆಂಟಿನ ಬಾಯಿಯವರು

ಬಾಯಿಯವರು ತೀರಿಕೊಂಡ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ತಿಳಿಯಿತು. ಅವರ ತಮ್ಮನ ಮಗ ಬರೆದ ಕಾರ್ಡು ನನ್ನ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ತಿರುಗಿ ನನ್ನ ಕೈಗೆ ಬರುವಷ್ಟರಲ್ಲಿ ಕ್ರಿಯೆಗಳೆಲ್ಲ ಮುಗಿದಿದ್ದವು. ಕಾರ್ಡಿನಲ್ಲಿ ನಾಲ್ಕೇ ಸಾಲು. ಕೊನೆಯ ತನಕ ಕಣ್ಣು ಚೆನ್ನಾಗಿದ್ದವು, ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು ಎಂದು ಬರೆದಿದ್ದ. ನಿಮ್ಮನ್ನು ನೆನೆಸುತ್ತಿದ್ದರು ಎಂದು ಬರೆದಿರಲಿಲ್ಲ. ಬರೆದಿದ್ದರೂ ನಾನು ನಂಬುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಾಗದದ ಮೇಲೆ ಹೆಸರು ಬಿದ್ದ ಮನುಷ್ಯರಿಗೆ ಏನಾಗುತ್ತದೆಂದು ಅವರಷ್ಟು ಕಂಡವರು ಕಡಿಮೆ. ತಮ್ಮ ಹೆಸರು ಎಲ್ಲೂ ಬರುವುದು ಅವರಿಗೆ ಇಷ್ಟವಿರಲಿಲ್ಲ. ನಾವೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದೆವು.

ಬೆಳಗಾವಿಯಲ್ಲಿ ಆ ದೊಡ್ಡ ಅಧಿವೇಶನ ನಡೆದು, ಚಪ್ಪರಗಳೆಲ್ಲ ಬಿಚ್ಚಿಹೋದ ಮರುವರ್ಷ ನಾನು ಅವರ ಕೈಕೆಳಗೆ ಕೆಲಸ ಕಲಿಯಲು ಹೋದೆ. ನನಗಾಗ ಹತ್ತೊಂಬತ್ತು. ಅದೇ ಊರಿನ ಖಾಸಬಾಗದಲ್ಲಿ ನಮ್ಮದು ಮಗ್ಗದ ಮನೆ. ಹದಿನಾಲ್ಕಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವಳು ಐದು ವರ್ಷ ಹಿಂದಿನ ಖೋಲಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದೆ. ಆ ಖೋಲಿಗೆ ಕಿಟಕಿ ಇರಲಿಲ್ಲ. ಅಣ್ಣ ಪುಸ್ತಕ ತಂದುಕೊಟ್ಟು ಓದಿಸಿದ್ದರಿಂದ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿತ್ತು. ಅವನ ಪರಿಚಯದವರೊಬ್ಬರು, "ಸೆಟ್ಲಮೆಂಟಿನ್ಯಾಗ ಓದು ಬಲ್ಲ ಹೆಣ್ಮಗಳು ಬೇಕಾಗ್ಯಾಳ" ಎಂದರು. ಆರು ತಿಂಗಳು ಅಲ್ಲೇ ಇದ್ದು ಬಾಯಿಯವರ ಹಿಂದೆ ತಿರುಗಿ ಕಲಿಯಬೇಕು. ಅವರು ಸರಿ ಎಂದರೆ ನೌಕರಿ, ಇಲ್ಲವೆಂದರೆ ಮತ್ತೆ ಆ ಖೋಲಿ. ಇಷ್ಟೇ ಕರಾರು.

ಸೆಟ್ಲಮೆಂಟು ಎಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಆಗಿನ ಸರಕಾರ ಕೆಲವು ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಕಾಯ್ದೆ ಮಾಡಿ, ಹೆಂಡಿರು ಮಕ್ಕಳ ಸಮೇತ ತಂತಿಬೇಲಿಯೊಳಗೆ ತಂದಿಟ್ಟಿತ್ತು. ಬೆಳಿಗ್ಗೆ ಸಂಜೆ ಹಾಜರಿ. ಹೊರಗೆ ಹೆಜ್ಜೆ ಇಡಬೇಕಾದರೆ ಪಾಸು. ಒಳಗೆ ಗುಡಿಸಲುಗಳು, ಒಂದು ಸಾಲಿ, ಹೊಲಿಗೆಯ ಒಂದು ಕೋಣೆ. ಆ ಹೆಂಗಸರು ಮಕ್ಕಳ ಕಷ್ಟ ಕೇಳಿ, ಔಷಧ ಕೊಡಿಸಿ, ಸಾಲಿಗೆ ಕಳಿಸಿ, 'ಸುಧಾರಿಸುವುದು' ಬಾಯಿಯವರ ಕೆಲಸ.

ಮೊದಲ ದಿನ ನಾನು ಹೊಸ ಸೀರೆ ಉಟ್ಟು, ಬರೆಯಲು ವಹಿ ಹಿಡಿದು ಹೋಗಿದ್ದೆ. ಅವರು ಗೇಟಿನ ಹತ್ತಿರ ಗಂಡಸರು ಹಿಡಿಯುವ ದೊಡ್ಡ ಕೊಡೆ ಊರಿಕೊಂಡು ನಿಂತಿದ್ದರು. ಎತ್ತರದ ಆಳು, ನಲವತ್ತೈದರ ಆಸುಪಾಸು, ಕಾಲಲ್ಲಿ ಮೋಚಿಗೆ ಹೇಳಿ ಮಾಡಿಸಿದ ಗಂಡು ಚಪ್ಪಲಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಹಿ ಇಲ್ಲಿ ಕೊಡು. ಹೋಗಿ ಆ ಸಾಲಿನ್ಯಾಗ ನಿಂದ್ರು" ಎಂದರು.

ಹಾಜರಿಯ ಸಾಲು ಅದು. ಅವರಲ್ಲೇ ಒಬ್ಬಳಂತೆ ನಿಂತೆ. ಎಂಟು ದಿನ ಬೆಳಿಗ್ಗೆ ಸಂಜೆ ನಿಲ್ಲಿಸಿದರು. ಮೂರನೆಯ ದಿನ ಮನೆಗೆ ಹೋಗಿ ಬರುತ್ತೇನೆ ಎಂದಾಗ, "ಕಾರಕೂನನ ಹತ್ರ ಪಾಸು ತಗೊಂಡು ಹೋಗು" ಎಂದರು. ಕಾರಕೂನನ ಮೇಜಿನ ಮುಂದೆ ಊಟದ ಹೊತ್ತು ಮೀರುವ ತನಕ ನಿಂತೆ. ಅವನು ತಲೆ ಎತ್ತಲಿಲ್ಲ. ಎತ್ತಿದಾಗ, ಎಲ್ಲಿಗೆ, ಯಾಕೆ, ಯಾರ ಮನೆ, ಎಷ್ಟೊತ್ತಿಗೆ ತಿರುಗಿ ಬರುವುದು ಎಂದು ಕೇಳಿದ. ನಮ್ಮ ಮನೆಗೆ ಹೋಗಲು ಇಷ್ಟು ಉತ್ತರ ಕೊಡಬೇಕಾಗಿ ಬಂದದ್ದಕ್ಕೆ ನಾನು ಅತ್ತುಬಿಟ್ಟೆ. ಬಾಯಿಯವರು ಸಮಾಧಾನ ಹೇಳಲಿಲ್ಲ. ಎಂಟು ದಿನ ಕಳೆದ ಮೇಲೆ ವಹಿ ತಿರುಗಿ ಕೊಟ್ಟು, "ಇನ್ನ ಬರಿ" ಎಂದರು.

ಗುಡಿಸಲುಗಳಿಗೆ ಬಾಗಿಲಿರಲಿಲ್ಲ, ಗೋಣಿತಟ್ಟಿನ ಪರದೆ. ಅದರ ಮುಂದೆ ನಿಂತು ಬಾಯಿಯವರು ಕೆಮ್ಮುತ್ತಿದ್ದರು. ಒಳಗಿನಿಂದ "ಬರ್ರಿ" ಎನ್ನುವ ತನಕ ಪರದೆ ಮುಟ್ಟುತ್ತಿರಲಿಲ್ಲ. ಒಳಗೆ ಹೋದರೆ ಕುಂದರ್ರಿ ಎನ್ನುವ ತನಕ ಕೂಡುತ್ತಿರಲಿಲ್ಲ. ಪೊಲೀಸರು ಗಡಿಗೆಯಲ್ಲಿ ಕೈ ಹಾಕಿ ನೋಡುವವರಾದ್ದರಿಂದ, "ಗಡಿಗಿ ಕಡೆ ಕಣ್ಣು ಸುದ್ಧಾ ಹಾಯಿಸಬ್ಯಾಡ" ಎಂದು ನನಗೆ ಹೇಳಿದ್ದರು. ಸೆರಗಿನ ಗಂಟಿನಲ್ಲಿ ಪುಟಾಣಿ, ಬೆಲ್ಲ ಇರುತ್ತಿತ್ತು. ಮಕ್ಕಳಿಗೆ ಕೊಡುವಾಗಲೂ ತಾಯಿಯನ್ನು ಕೇಳಿ ಕೊಡುತ್ತಿದ್ದರು.

ಅವರ ಎಡಗಿವಿ ಮಂದ. ಅದು ಅವರಿಗೆ ಉಪಯೋಗಕ್ಕೆ ಬರುತ್ತಿತ್ತು. ಮ್ಯಾನೇಜರ ಸಾಹೇಬರು ಬಂದು, ಇಂಥವಳ ಪಾಸು ನಿಲ್ಲಿಸಿರಿ, ಇಂಥವಳಿಗೆ ಎರಡು ಹಾಜರಿ ಹೆಚ್ಚು ಹಾಕಿರಿ ಎನ್ನತೊಡಗಿದರೆ ಬಾಯಿಯವರು ಹಗುರಾಗಿ ಎಡಗಿವಿಯನ್ನು ಅವರ ಕಡೆ ಮಾಡುತ್ತಿದ್ದರು. ಸಾಹೇಬರು ಹೋದ ಮೇಲೆ, "ಏನಂದ್ರು? ನನಗ ಕೇಳಸಲಿಲ್ಲ" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹೇಳಲು ಹೊರಟರೆ, "ಇರ್ಲಿ ಬಿಡು, ನಿನಗೂ ಪೂರ್ತಿ ಕೇಳಿಸಿರಲಿಕ್ಕಿಲ್ಲ" ಎನ್ನುತ್ತಿದ್ದರು.

ಸಂಜೆ ಹಾಜರಿಗೆ ಮೊದಲು ನನ್ನ ರೋಜನಿಶಿಯ ತಪಾಸಣೆ. ದಿನಾ ಯಾವ ಮನೆಗೆ ಹೋದೆ, ಏನಾಯಿತು ಎಂದು ಬರೆಯಬೇಕು. ಹಾಳೆಯ ನಡುವೆ ಗೆರೆ ಎಳೆಸಿದ್ದರು. ಎಡಕ್ಕೆ 'ಕಂಡದ್ದು', ಬಲಕ್ಕೆ 'ಅಂದುಕೊಂಡದ್ದು'. ಒಂದು ಸಲ ಎಡಗಡೆಗೆ, 'ಮನೆ ಬಹಳ ಕೊಳಕಾಗಿತ್ತು' ಎಂದು ಬರೆದಿದ್ದೆ.

"ನೀರಿನ ಬಾವಿ ಎಷ್ಟು ದೂರ ಅದ ಅಕಿ ಮನಿಗೆ?" ಎಂದರು.

"ಗೊತ್ತಿಲ್ರಿ."

"ಕೊಡ ತಗೊಂಡು ಹೋಗಿ ತುಂಬಿ ತಾ."

ತಂದೆ. ಬೇಲಿಯ ಸುತ್ತ ಬಳಸಿ, ಪಹರೆಯವನ ಅಪ್ಪಣೆ ಕೇಳಿ ಹೋಗಿಬರುವ ದಾರಿ. ಬಂದಾಗ ಕೊಡದಲ್ಲಿ ಮುಕ್ಕಾಲು ನೀರಿತ್ತು. "ಈಗ ಬರಿ" ಎಂದರು. ನಾನು 'ಕೊಳಕು' ಹೊಡೆದುಹಾಕಿ, 'ಎರಡು ಕೊಡ ನೀರಿನಲ್ಲಿ ಆರು ಜನ' ಎಂದು ಬರೆದೆ. ಅವರು ಕೆಳಗೆ ಸಹಿ ಹಾಕಿದರು. ಸಹಿ ಬಿದ್ದ ಹಾಳೆಗಳು ವಾರಕ್ಕೊಮ್ಮೆ ಮ್ಯಾನೇಜರರ ಕಚೇರಿಗೆ ಹೋಗುತ್ತಿದ್ದವು.

ಅವರೂ ಬೇಲಿಯೊಳಗೇ ಇದ್ದರು. ಗೇಟಿನ ಬಾಜು ಎರಡು ಖೋಲಿಯ ಮನೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವರನ್ನು ಬಿಟ್ಟಿದ್ದ. ತವರಲ್ಲಿ ತಮ್ಮನ ಹೆಂಡತಿಗೆ ಇವರು ಬೇಡವಾಗಿದ್ದರು. ಸಂಜೆ ಗೇಟು ಹಾಕಿದರೆ ಇವರಿಗೂ ಹಾಕಿದ ಹಾಗೆಯೇ. ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ಬೆಳಗಾವಿಯ ಕೋಟೆಯೊಳಗಿನ ಬಸದಿಯನ್ನು ಒಮ್ಮೆಯೂ ನೋಡಿಲ್ಲ ಎಂದು ಕೇಳಿ ನನಗೆ ಆಶ್ಚರ್ಯವಾಗಿತ್ತು. "ಒಂದು ದಿನ ಹೋಗಿ ಬರೂಣ್ರಿ" ಎಂದೆ.

"ಹೋಗಿ ಬರಬಹುದು," ಎಂದರು. "ಬರಬೇಕಲ್ಲ ಮತ್ತ. ಬರೂ ಮುಂದ ಗೇಟು ಕಣ್ಣಿಗೆ ಬೀಳ್ತದ. ಒಳಗ ಇದ್ದರ ಅದು ಬೆನ್ನ ಹಿಂದ ಇರ್ತದ."

ನಾಲ್ಕನೆಯ ತಿಂಗಳಿಗೆ ನಮ್ಮಿಬ್ಬರನ್ನೂ ಖಾನಾಪುರದ ಶಾಖೆಗೆ ಹಾಕಿದರು. ರೈಲಿನಲ್ಲಿ ಹೋದೆವು. ಅಡವಿಯ ಕಟ್ಟಿಗೆ ಕಡಿದು ಹೊರುವ ಕೆಲಸಕ್ಕೆಂದು ನಲವತ್ತು ಸಂಸಾರಗಳನ್ನು ಅಲ್ಲಿ ತಂದಿಟ್ಟಿದ್ದರು. ಹಲಸಿಯ ದಾರಿಯಲ್ಲಿ, ಊರಿನಿಂದ ತುಸು ಹೊರಗೆ, ಅದೇ ತಂತಿ, ಅದೇ ಗೇಟು, ಅದರ ಬಾಜು ಬಾಯಿಯವರಿಗೆ ಅಂಥದೇ ಎರಡು ಖೋಲಿಯ ಮನೆ, ಒಂದು ಹೊಲಿಗೆಯ ಕೋಣೆ. ಚಳಿಜ್ವರದ ಕಾಲ. ಒಂದೊಂದು ಗುಡಿಸಲಿನಲ್ಲಿ ಇಬ್ಬರು ಮಲಗಿದ್ದರೆ ಒಬ್ಬರು ಎದ್ದಿರುತ್ತಿದ್ದರು. ನಾವು ಕ್ವಿನೈನ್ ಗುಳಿಗೆ ಹಂಚುತ್ತ ತಿರುಗುತ್ತಿದ್ದೆವು.

ಅಲ್ಲಿ ಗಂಗವ್ವ ಎಂಬುವಳಿದ್ದಳು. ಗಂಡ ಬೇಲಿ ಹಾರಿ ಹೋದವನು ತಿರುಗಿ ಬಂದಿರಲಿಲ್ಲ. ಅವನು ಮಾಡಿದ್ದಕ್ಕೆ ಇವಳಿಗೆ ಮೂರು ಹಾಜರಿ. ಏಳು ವರ್ಷದ ಒಬ್ಬಳೇ ಮಗಳು, ಚಂದ್ರಿ. ಗಂಗವ್ವ ಕಡಿಮೆ ಮಾತಿನವಳು. ಮಗಳು ಅವಳ ಪಾಲನ್ನೂ ಸೇರಿಸಿ, ತಾಯಿಯೊಡನೆ ತಮ್ಮ ಮನೆಮಾತಿನಲ್ಲಿ, ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ನಾನು ಬರೆಯುವುದನ್ನು ನೋಡಿ, "ನನ್ನ ಹೆಸರ ಬರೀರಿ" ಎನ್ನುತ್ತಿದ್ದಳು. ಬರೆದು ತೋರಿಸುತ್ತಿದ್ದೆ.

ಒಂದು ಭಾನುವಾರ ಪಾಸಿನ ಮೇಲೆ ಹೆಂಗಸರನ್ನು ಖಾನಾಪುರದ ಸಂತೆಗೆ ಬಿಟ್ಟಿದ್ದರು. ಬಾಯಿಯವರಿಗೆ ಜ್ವರ ಹತ್ತಿ ಮೂರು ದಿನವಾಗಿತ್ತು. ನಾನೊಬ್ಬಳೇ ಹೆಂಗಸರ ಜೊತೆ ಹೋದೆ. ಶೇಂಗಾ ಮಾರುವ ಮುದುಕಿಯ ಮುಂದೆ ಗಂಗವ್ವ ನಿಂತಿದ್ದಳು. ಮುದುಕಿ ಬೇರೆ ಗಿರಾಕಿಗೆ ತೂಗುತ್ತಿದ್ದಾಗ ಚಂದ್ರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಶೇಂಗಾ ತೆಗೆದು ಉಡಿಯಲ್ಲಿ ಹಾಕಿಕೊಂಡಳು. ತಾಯಿ ನೋಡಿದಳು, ಸುಮ್ಮನಿದ್ದಳು. ಬಂದು ನಾನು ಎಡಗಡೆಗೆ ಬರೆದೆ: 'ಚಂದ್ರಿ ಸಂತೆಯಲ್ಲಿ ಶೇಂಗಾ ಕದ್ದಳು. ತಾಯಿ ನೋಡಿಯೂ ತಡೆಯಲಿಲ್ಲ.'

ಬರೆದಾಗ ನನಗೆ ಹಿಗ್ಗಾಗಿತ್ತು. ಇದರಲ್ಲಿ ಅಂದುಕೊಂಡದ್ದು ಒಂದೂ ಇಲ್ಲ, ಎಲ್ಲ ಕಣ್ಣಾರೆ ಕಂಡದ್ದು, ಬಾಯಿಯವರು ಮೆಚ್ಚುತ್ತಾರೆ ಎಂದುಕೊಂಡೆ. ಹಾಳೆಗಳನ್ನು ಅವರ ಹಾಸಿಗೆಯ ಹತ್ತಿರ ಒಯ್ದೆ. ಕಂಬಳಿಯೊಳಗೆ ನಡುಗುತ್ತಿದ್ದರು. ಓದಿ ಹೇಳಲೇ ಎಂದರೆ ಬೇಡವೆಂದು ಕೈ ಮಾಡಿ, ಮೂರು ದಿನದ ಹಾಳೆಗಳಿಗೆ ಒಂದಾದ ಮೇಲೊಂದು ಸಹಿ ಹಾಕಿದರು.

ಹತ್ತು ದಿನದ ಮೇಲೆ ಗಾಡಿ ಬಂತು. ಕೆಟ್ಟ ನಡತೆಯ ತಾಯಿತಂದೆಯಿಂದ ಮಕ್ಕಳನ್ನು ಬೇರೆ ಮಾಡಿ ಇಡಬಹುದೆಂದು ಕಾಯ್ದೆಯಲ್ಲಿತ್ತು. ಚಂದ್ರಿಯನ್ನು ಬೆಳಗಾವಿಯ ಮಕ್ಕಳ ವಸತಿಗೆ ಒಯ್ಯಲು ಹುಕುಂ. ಗಂಗವ್ವ ಅಡವಿಯಲ್ಲಿ ಕಟ್ಟಿಗೆ ಹೊರಲು ಹೋಗಿದ್ದಳು. ಜಾತ್ರೆಗೆ ಹೋಗುವವಳ ಹಾಗೆ ಹುಡುಗಿ ಖುಷಿಯಿಂದ ಗಾಡಿ ಹತ್ತಿದಳು. ಗಾಡಿ ಗೇಟು ದಾಟಿದ ಮೇಲೆ ಅವಳ ದನಿ ಬದಲಾದದ್ದು ನನಗೆ ಕೇಳಿಸಿತು. ಸಂಜೆ ಗಂಗವ್ವ ಬಂದು ಗುಡಿಸಲು ನೋಡಿ, ಬೇಲಿಯ ಗುಂಟ ಎರಡು ಸುತ್ತು ಓಡಿದಳು. ಹೊರಗೆ ಹೋಗಲು ಪಾಸಿರಲಿಲ್ಲ.

ಬಾಯಿಯವರು ಹಾಸಿಗೆ ಬಿಟ್ಟೆದ್ದು ಹುಕುಮಿನ ಕಾಗದ ತರಿಸಿ ಓದಿದರು. ನನ್ನ ಸಾಲುಗಳನ್ನೇ ಅದರಲ್ಲಿ ಎತ್ತಿ ಬರೆದಿದ್ದರು. ನನ್ನನ್ನು ಕರೆದು ಕೂರಿಸಿ, ಬಯ್ಯದೆ ಕೇಳಿದರು.

"ಏನ ಕಂಡಿ?"

"ಕದ್ದದ್ದು ಕಂಡ್ನಿರಿ."

"ಕೈ ಕಂಡಿ. ಶೇಂಗಾ ಕಂಡಿ. ಉಡಿ ಕಂಡಿ. ಕದ್ದದ್ದು ಎಲ್ಲಿ ಕಂಡಿ?"

ಅವರು ಜ್ವರದ ಮೈಯಲ್ಲೇ ಕೊಡೆ ಊರಿಕೊಂಡು ಹೊರಟರು. ಖಾನಾಪುರದ ಓಣಿಗಳಲ್ಲಿ ಕೇಳುತ್ತ, ಕುಂಬಾರರ ಮನೆಗಳ ಹಿಂದೆ ಆ ಶೇಂಗಾದ ಮುದುಕಿಯನ್ನು ಹುಡುಕಿದೆವು. ಮುದುಕಿಗೆ ನೆನಪಿತ್ತು. "ಆ ಪೋರಿ ಏನು?" ಎಂದಳು. "ನನ್ನ ಬುಟ್ಟಿ ಹೊತ್ಕೊಂಡು ಬರಾಕ ಅಕಿ ಅವ್ವ ಕೈ ಹಚ್ಚಿದ್ಲರಿ. ನಾನ ಹೇಳಿದ್ನಿ, ಒಂದು ಹಿಡಿ ತಗೋ ಅಂತ. ಯಾಕ್ರಿ, ಏನಾತು?"

ಬಾಯಿಯವರು ಏನೂ ಆಗಿಲ್ಲ ಎಂದರು. ತಿರುಗಿ ಬಂದೆವು. ಗೇಟಿನ ಹತ್ತಿರ ನಿಂತು, "ಗಂಗವ್ವನ ಮುಂದ ಹೋಗಿ ನೀನ ಹೇಳಬೇಕು" ಎಂದರು.

"ನೀವ ಹೇಳ್ರಿ ಬಾಯಾರ. ನನಗ ಆಗೂದಿಲ್ಲ."

"ನಾ ಹೇಳೂದು ಬ್ಯಾರೆ ಕಡೆ ಅದ. ಇದು ನಿಂದು."

ಗಂಗವ್ವನ ಪರದೆಯ ಮುಂದೆ ನಿಂತು ಕೆಮ್ಮಿದೆ. ಬಾ ಎಂದು ಯಾರೂ ಅನ್ನಲಿಲ್ಲ. ಹೊರಗೇ ನಿಂತು ಹೇಳಿದೆ. "ಗಂಗವ್ವ, ಅದು ನಾ ಬರದದ್ದು. ಚಂದ್ರಿ ಕದ್ದಾಳಂತ ನಾ ಬರದೆ. ಅಕಿ ಕದ್ದಿದ್ದಿಲ್ಲ."

ಪರದೆ ಸರಿಯಿತು. "ಕದ್ದಿಲ್ಲಂತ ನನಗ ಗೊತ್ತೈತಿ," ಎಂದಳು. "ಹಂಗಾರ ಅದನ್ನ ಅಳಸ್ರಿ."

"ಆ ಹಾಳಿ ಬೆಳಗಾವ್ಯಾಗ ಐತಿ."

"ನನ್ನ ಮಗಳೂ ಅಲ್ಲೇ ಅದಾಳ. ಹೋಗಿ ಅದನ್ನ ಅಳಿಸಿ, ಅಕೀನ ಕರಕೊಂಡ ಬರ್ರಿ."

ಪರದೆ ಬಿಟ್ಟಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನಿಂದ ಮಾಡಲಾಗುವಂಥದೂ ಅದರಲ್ಲಿ ಏನೂ ಇರಲಿಲ್ಲ.

ಆ ವಾರ ಮ್ಯಾನೇಜರ ಸಾಹೇಬರು ಖಾನಾಪುರಕ್ಕೆ ಬಂದಾಗ ಬಾಯಿಯವರು ಅರ್ಜಿ ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಕಲಿಯುವವಳು ತಪ್ಪಾಗಿ ಬರೆದಿದ್ದಾಳೆ, ನಾನು ಓದದೆ ಸಹಿ ಹಾಕಿದ್ದೇನೆ, ಹೊಣೆ ನನ್ನದು, ಮಗುವನ್ನು ತಿರುಗಿ ಕಳಿಸಬೇಕು ಎಂದು ಅದರಲ್ಲಿತ್ತು. ಸಾಹೇಬರು ಕೆಟ್ಟವರೇನಲ್ಲ. ಅರ್ಜಿಯನ್ನು ಮಡಚಿ ಅವರ ಕಡೆಗೇ ಸರಿಸಿದರು.

"ಬಾಯಾರ, ಇದನ್ನ ನಾ ಮ್ಯಾಲೆ ಕಳಿಸಿದರ ಏನಾಗ್ತದ ವಿಚಾರ ಮಾಡ್ರಿ. ಓದದ ಸಹಿ ಹಾಕಿದ್ರಿ ಅಂದರ ಹನ್ನೊಂದು ವರ್ಷದ ನಿಮ್ಮ ಸಹಿ ಎಲ್ಲಾ ಸಂಶಯಕ್ಕ ಬರ್ತಾವ. ನಿಮ್ಮ ನೌಕರಿ ಹೋಗ್ತದ, ಮನಿ ಹೋಗ್ತದ. ಹುಡಿಗಿ ಅಲ್ಲಿ ಉಂಡುಟ್ಟು ಸುಖವಾಗಿ ಅದಾಳ. ಎರಡು ವರ್ಷಕ್ಕ ನಾನ ಬಿಡಸ್ತೇನಿ."

ಬಾಯಿಯವರು ಎಡಗಿವಿ ತಿರುಗಿಸಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ಸಂಶಯ ಬರ್ಲಿರಿ" ಎಂದರು. "ಇನ್ನೂ ಎಷ್ಟು ಹಾಳಿ ಹಂಗ ಹೋಗ್ಯಾವೋ ನನಗೂ ಸಂಶಯ ಬಂದದ. ಕಳಿಸ್ರಿ."

ಅರ್ಜಿ ಮೇಲೆ ಹೋಯಿತು. ವಿಚಾರಣೆ ಎಂದು ನಾಲ್ಕು ತಿಂಗಳು ಹಿಡಿಯಿತು; ನನ್ನ ಆರು ತಿಂಗಳು ಮುಗಿದರೂ ನೌಕರಿಯ ತೀರ್ಮಾನ ಅಲ್ಲಿಯ ತನಕ ನಿಂತಿತು. ಅಷ್ಟೂ ದಿನ ಬಾಯಿಯವರು ಹೊಲಿಗೆಯ ಕೋಣೆಯ ಆಚೆ ಕೆಲಸ ಮಾಡಬಾರದು ಎಂದು ಅಪ್ಪಣೆಯಾಯಿತು. ಗುಡಿಸಲುಗಳಿಗೆ ನಾನೊಬ್ಬಳೇ ಹೋಗುತ್ತಿದ್ದೆ. ಗಂಗವ್ವ ಮೂರು ಹೊತ್ತೂ ಹಾಜರಿಗೆ ಬಂದು ನಿಲ್ಲುತ್ತಿದ್ದಳು. ನನ್ನ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಚಂದ್ರಿ ತಿರುಗಿ ಬಂದ ದಿನ ಗಾಡಿಯಿಂದ ತಾನೇ ಇಳಿದಳು. ತಲೆ ನುಣ್ಣಗೆ ಬೋಳಿಸಿದ್ದರು, ಒಗೆದ ಪರಕಾರ ತೊಟ್ಟಿದ್ದಳು. ತಾಯಿ ಗುಡಿಸಲಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಹುಡುಗಿ ನಾಲ್ಕು ಮೊಳ ಆಚೆಗೇ ನಿಂತು, ಕೈ ಕಟ್ಟಿ, ಶುದ್ಧ ಕನ್ನಡದಲ್ಲಿ, "ಒಳಗೆ ಬರಬಹುದೇನ್ರಿ?" ಎಂದಳು. ತಮ್ಮ ಮನೆಮಾತು ಆಡಿದರೆ ಆ ವಸತಿಯಲ್ಲಿ ಏಟು ಬೀಳುತ್ತಿತ್ತಂತೆ. ಗಂಗವ್ವನ ಕೈಗಳು ಹಾಗೇ ಇಳಿದವು. ಹೊಲಿಗೆಯ ಕೋಣೆಯ ಕಿಟಕಿಯಲ್ಲಿ ನಿಂತಿದ್ದ ಬಾಯಿಯವರು ಅದನ್ನು ನೋಡಿ, ಹೋಗಿ ಮಷಿನಿನ ಮುಂದೆ ಕೂತರು.

ಅವರನ್ನು ಕೆಲಸದಿಂದ ತೆಗೆದ ಕಾಗದ ಆ ತಿಂಗಳೇ ಬಂತು. ನನ್ನ ನೇಮಕದ ಕಾಗದವೂ ಅದೇ ಟಪಾಲಿನಲ್ಲಿತ್ತು. ವಿಚಾರಣೆಯಲ್ಲಿ ನನ್ನ ಬಗ್ಗೆ ಕೇಳಿದಾಗ ಅವರು, 'ತಪ್ಪು ಬರೆದಳು. ಹೇಳಬೇಕಾದವರ ಮುಂದೆ ಹೋಗಿ ಹೇಳಿದಳು. ಇಟ್ಟುಕೊಳ್ಳಬಹುದು' ಎಂದು ಬರೆದುಕೊಟ್ಟಿದ್ದರಂತೆ. ಅವರ ಎರಡು ಖೋಲಿಯ ಮನೆಯನ್ನೇ ನನಗೆ ಕೊಟ್ಟಿದ್ದರು.

ಅವರು ಟ್ರಂಕು ಕಟ್ಟುತ್ತಿದ್ದಾಗ ಹೋಗಿ, ನನಗೆ ಈ ನೌಕರಿ ಬೇಡ, ನಾಳೆಯೇ ಬಿಡುತ್ತೇನೆ ಎಂದೆ.

"ಬಿಟ್ಟು ಎಲ್ಲಿಗೆ ಹೋಗ್ತಿ?"

ಕಿಟಕಿ ಇಲ್ಲದ ಆ ಖೋಲಿಯ ವಿಷಯ ಅವರಿಗೆ ಗೊತ್ತಿತ್ತು.

"ಹೋದರೂ ನಿನಗ ಮರಿಲಿಕ್ಕೆ ಆಗೂದಿಲ್ಲ," ಎಂದರು. "ಇಲ್ಲೇ ಇರು. ಗಂಗವ್ವ ದಿನಾ ನಿನ್ನ ನೋಡ್ಲಿ. ನೀನೂ ಅಕಿನ್ನ ನೋಡು. ನಿನ್ನ ಜಾಗಾದಾಗ ಹೊಸಬಾಕಿ ಬಂದರ ಅಕಿಗೆ ಇದು ಏನೂ ಗೊತ್ತಿರೂದಿಲ್ಲ."

ಹೀಗೆ ನಾನು ಉಳಿದೆ. ಅವರು ಖಾನಾಪುರದಲ್ಲಿ ಮಲಪ್ರಭೆಯ ದಂಡೆಯ ಹತ್ತಿರ ಒಂದು ಖೋಲಿ ಹಿಡಿದು ಕುಪ್ಪಸ ಹೊಲಿದುಕೊಂಡಿದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಸೆಟ್ಲಮೆಂಟಿನ ಮಾತು ಅವರಾಗಿ ಎತ್ತುತ್ತಿರಲಿಲ್ಲ. ನಾನು ಎತ್ತಿದರೂ ಮಷಿನು ತುಳಿಯುತ್ತಿದ್ದರು.

ಮೂರನೆಯ ವರ್ಷದ ಜ್ವರದ ಕಾಲದಲ್ಲಿ ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಗಂಗವ್ವ ಬಂದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಹೆಗಲ ಮೇಲೆ ಚಂದ್ರಿ, ಮೈ ಕೆಂಡದಂತೆ ಸುಡುತ್ತಿತ್ತು. ಸುತ್ತಲಿನ ಗುಡಿಸಲುಗಳಲ್ಲಿ ಎದ್ದು ಕೂಡುವವರೇ ಇರಲಿಲ್ಲ. ಬೇಲಿಯ ಆಚೆ ಹೋಗುವ ಹಾಗಿರಲಿಲ್ಲ. ಅವಳಿಗೆ ಬೇರೆ ಬಾಗಿಲೇ ಇರಲಿಲ್ಲ. ಹುಡುಗಿಯನ್ನು ನನ್ನ ತೊಡೆಯ ಮೇಲೆ ಇಟ್ಟು, "ಹಿಡಕೋರಿ, ನೀರ ತರ್ತೀನಿ" ಎಂದು ಕೊಡ ತೆಗೆದುಕೊಂಡು ಹೋದಳು. ಚಂದ್ರಿ ಕಣ್ಣು ಮುಚ್ಚಿಕೊಂಡೇ ತಾಯಿಯ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ ಒಂದೂ ತಿಳಿಯಲಿಲ್ಲ. ಹೂಂ ಎನ್ನುತ್ತ ಅವಳ ಕಾಲು ತಿಕ್ಕುತ್ತಿದ್ದೆ. ಮೂರು ದಿನ ನಾವಿಬ್ಬರೂ ಸರದಿಯ ಮೇಲೆ ಕೂತೆವು. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

ಮುಂದಿನ ವಾರ ಬಾಯಿಯವರಲ್ಲಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಗಂಗವ್ವ ತಾನಾಗಿ ಬಂದಳು, ಮಗಳನ್ನು ನನ್ನ ತೊಡೆಯ ಮೇಲೆ ಇಟ್ಟಳು ಎಂದು ಎರಡೆರಡು ಸಲ ಹೇಳಿದೆ. ಅವರ ಬಾಯಿಂದ ನನಗೆ ಏನೋ ಬೇಕಾಗಿತ್ತು. ಅವರು ಮಷಿನು ನಿಲ್ಲಿಸಿ, ಬಟ್ಟೆ ಕೆಳಗಿಟ್ಟು, ಒಳ್ಳೆಯ ಕಿವಿಯನ್ನು ನನ್ನ ಕಡೆ ಮಾಡಿ ಪೂರ್ತಿ ಕೇಳಿದರು.

"ಜ್ವರ ಎಂದು ಇಳೀತು?" ಎಂದರು.

"ನಾಕನೇ ದಿನಕ್ಕರಿ."

"ಈಗ ಉಣ್ಣಾಕತ್ತಾಳೇನು?"

"ಉಣ್ಣಾಕತ್ತಾಳ್ರಿ."

"ಹುಳಿ ಕೊಡಬ್ಯಾಡ ಅಂತ ಅವರವ್ವಗ ಹೇಳು," ಎಂದು ಮತ್ತೆ ಮಷಿನು ತುಳಿಯತೊಡಗಿದರು.